ಹೊಸ ಟ್ಯಾಂಕಿಗೆ ಪಾಚಿ ಬಂತೆಂದು ಬಾಟಲಿ ಸುರಿಯಬೇಡಿ

ಮಾನ್ಯ ಸಂಪಾದಕರೇ,

ನಿಮ್ಮ ಭಾನುವಾರದ ಪುರವಣಿಯಲ್ಲಿ ಮನೆಯೊಳಗೆ ಉಪ್ಪುನೀರಿನ ಅಕ್ವೇರಿಯಂ ಇಡುವ ಬಗ್ಗೆ ಬಂದ ಲೇಖನ ಓದಿದೆ. ಚೆನ್ನಾಗಿತ್ತು. ಫೋಟೊ ಇನ್ನೂ ಚೆನ್ನಾಗಿತ್ತು. ಬಿಳಿ ಮರಳು, ಬಿಳಿ ಕಲ್ಲು, ನಡುವೆ ಎರಡು ಕ್ಲೌನ್ ಮೀನು. ಆದರೆ ಅದು ಟ್ಯಾಂಕ್ ಇಟ್ಟ ಹೊಸತರಲ್ಲಿ ತೆಗೆದ ಫೋಟೊ. ಕಲ್ಲು ಅಷ್ಟು ಬೆಳ್ಳಗಿರುವುದು ಆಗ ಮಾತ್ರ. ಆಮೇಲೆ ಬರುವ ಪಾಚಿಯ ಬಗ್ಗೆ, ಅದನ್ನು ತಿನ್ನುವ ಪ್ರಾಣಿಗಳ ವಿಷಯ ಬಿಟ್ಟರೆ, ಲೇಖನದಲ್ಲಿ ಇದ್ದದ್ದು ಒಂದೇ ಮಾತು: ಪಾಚಿ ಕಂಡರೆ ಅಂಗಡಿಯಲ್ಲಿ ಔಷಧಿ ಸಿಗುತ್ತದೆ, ಹಾಕಿದರೆ ಸಾಕು ಅಂತ. ಈ ಪತ್ರ ಆ ಒಂದು ಮಾತಿನ ಬಗ್ಗೆ.

ನಾನು ಮಂಗಳೂರಿನಲ್ಲಿ ಅಕ್ವೇರಿಯಂ ಸರ್ವಿಸ್ ಮಾಡುವವ. ಬಕೆಟು, ಪೈಪು, ಮ್ಯಾಗ್ನೆಟ್ ಬ್ರಶ್ಶು ಸ್ಕೂಟರಿಗೆ ಕಟ್ಟಿಕೊಂಡು ಕ್ಲಿನಿಕ್ಕು, ಹೋಟೆಲು, ಫ್ಲ್ಯಾಟು ಅಂತ ತಿರುಗುವ ಕೆಲಸ. ನಿಜ ಹೇಳಬೇಕೆಂದರೆ ನನಗೆ ಅನ್ನ ಹಾಕುವುದೇ ಪಾಚಿ. ಜನ ಔಷಧಿ ಸುರಿದು ಕೆಡಿಸಿಕೊಂಡಷ್ಟೂ ನನಗೆ ಫೋನು ಜಾಸ್ತಿ. ಆದರೂ ಬರೆಯುತ್ತಿದ್ದೇನೆ. ಗಾಜು ಉಜ್ಜಲು ಕರೆದರೆ ಖುಷಿಯಿಂದ ಹೋಗುತ್ತೇನೆ. ಸತ್ತ ಮೀನು ಹೆಕ್ಕಲು ಕರೆದರೆ ಹೋಗುವುದಕ್ಕೆ ಮನಸ್ಸು ಬರುವುದಿಲ್ಲ.

ಒಂದು ಹಲ್ಲಿನ ಡಾಕ್ಟರ ಕ್ಲಿನಿಕ್ಕಿನ ಕಥೆ ಹೇಳುತ್ತೇನೆ. ನಾಲ್ಕಡಿಯ ಟ್ಯಾಂಕು, ಹತ್ತಿರ ಹತ್ತಿರ 300 ಲೀಟರು. ಕಾಯುವ ರೋಗಿಗಳಿಗೆ ಕಾಣಲಿ ಅಂತ ಪಶ್ಚಿಮದ ಕಿಟಕಿಯ ಪಕ್ಕ ಇಟ್ಟಿದ್ದರು. ಮಧ್ಯಾಹ್ನದ ಮೇಲೆ ಬಿಸಿಲು ನೇರ ಗಾಜಿಗೇ ಬೀಳುತ್ತಿತ್ತು. ಮಕ್ಕಳು ಅತ್ತಾಗೆಲ್ಲ ರಿಸೆಪ್ಶನಿನ ಹುಡುಗಿ ಡಬ್ಬಿ ಕೊಟ್ಟು ಮೀನಿಗೆ ಕಾಳು ಹಾಕಿಸುತ್ತಿದ್ದಳು. ಹಲ್ಲಿನ ಕ್ಲಿನಿಕ್ಕಲ್ಲಿ ಮಕ್ಕಳು ಅಳುವುದು ಎಷ್ಟು ಅಂತ ನಿಮಗೇ ಗೊತ್ತಲ್ಲ. ಮೊದಲು ಮರಳೆಲ್ಲ ಕಂದು ಆಯಿತು. ಅದು ಹೋಗುವ ಮೊದಲೇ ಕಲ್ಲಿನ ಮೇಲೆ ಹಸಿರು ಕೂದಲು ಬಂತು. ‘ಇದೆಂತದು ಮಾರಾಯ್ರೆ, ಪೇಶೆಂಟ್‌ಗಳು ನೋಡಿ ಏನು ಅಂದುಕೊಳ್ಳುತ್ತಾರೆ?’ ಅಂತ ಡಾಕ್ಟರಿಗೆ ಕಿರಿಕಿರಿ. ಅವರ ತಂದೆ ಪುತ್ತೂರು ಕಡೆಯ ಅಡಿಕೆ ಕೃಷಿಕರು. ‘ಚೂರು ಮೈಲುತುತ್ತು ಹಾಕು, ಪಾಚಿ ಸಾಯದಿದ್ದರೆ ಕೇಳು’ ಅಂದರಂತೆ. ಹಿರಿಯರ ಮಾತು ಸುಳ್ಳಲ್ಲ. ಮೈಲುತುತ್ತು ಅಂದರೆ ತಾಮ್ರದ ಸಲ್ಫೇಟು. ಅಡಿಕೆಯ ಕೊಳೆರೋಗಕ್ಕೆ ಅದರಿಂದ ಮಾಡಿದ ಬೋರ್ಡೋ ದ್ರಾವಣ ಹೊಡೆಯುವವರಿಗೆ ಅದರ ಶಕ್ತಿ ಗೊತ್ತು. ಪಾಚಿ ಖಂಡಿತ ಸಾಯುತ್ತದೆ. ಜೊತೆಗೆ ಸಿಗಡಿ, ಏಡಿ, ಶಂಖದ ಹುಳು, ಹವಳ, ಬೆನ್ನುಮೂಳೆ ಇಲ್ಲದ ಎಲ್ಲವೂ ಸಾಯುತ್ತವೆ. ಮೀನಿನ ಚರ್ಮರೋಗಕ್ಕೆ ತಾಮ್ರ ಕೊಡುವುದುಂಟು, ಅದೂ ಬೇರೆ ತೊಟ್ಟಿಯಲ್ಲಿ, ದಿನಾ ಅಳತೆ ನೋಡಿಕೊಂಡು. ಮುಖ್ಯ ಟ್ಯಾಂಕಿಗೆ ಬಿದ್ದ ತಾಮ್ರವನ್ನು ಕಲ್ಲು, ಮರಳು ಹೀರಿಕೊಳ್ಳುತ್ತವೆ. ಆಮೇಲೆ ಎಷ್ಟೋ ದಿನ ಸ್ವಲ್ಪ ಸ್ವಲ್ಪವೇ ಬಿಡುತ್ತಿರುತ್ತವೆ.

ಡಾಕ್ಟರು ಮೈಲುತುತ್ತು ಹಾಕಲಿಲ್ಲ. ಬದಲಿಗೆ ಒಂದು ಅಂಗಡಿಯಿಂದ ಪಾಚಿನಾಶಕದ ಬಾಟಲಿ ತಂದು, ಸಂಜೆ ಕ್ಲಿನಿಕ್ ಮುಚ್ಚುವ ಮೊದಲು ಹೇಳಿದ್ದಕ್ಕಿಂತ ಸ್ವಲ್ಪ ಜಾಸ್ತಿಯೇ ಸುರಿದರು. ಬೆಳಿಗ್ಗೆ ಬಂದು ನೋಡಿದರೆ ಎರಡು ಮೀನು ತೇಲುತ್ತಿದ್ದವು, ಉಳಿದವು ಮೇಲೆ ಬಂದು ಬಾಯಿ ಬಿಡುತ್ತಿದ್ದವು. ವಿಷದಿಂದ ಸತ್ತವು ಅಂತ ಅವರು ತಿಳಿದುಕೊಂಡಿದ್ದರು. ಹೆಚ್ಚಾಗಿ ಸಾಯುವುದು ಉಸಿರು ಸಿಗದೆ. ಅಷ್ಟೊಂದು ಪಾಚಿ ಒಟ್ಟಿಗೆ ಸತ್ತರೆ ನೀರಿನಲ್ಲೇ ಕೊಳೆಯುತ್ತದೆ. ಕೊಳೆಸುವ ಬ್ಯಾಕ್ಟೀರಿಯಾ ಆಮ್ಲಜನಕ ನುಂಗುತ್ತದೆ. ಉಪ್ಪುನೀರು, ಅದೂ ನಮ್ಮ ಊರಿನ ಸೆಕೆಗೆ ಬಿಸಿಯಾದ ಉಪ್ಪುನೀರು ಆಮ್ಲಜನಕ ಹಿಡಿದಿಟ್ಟುಕೊಳ್ಳುವುದೇ ಕಡಿಮೆ. ರಾತ್ರಿ ಲೈಟಿಲ್ಲ, ಹೊಸದಾಗಿ ಆಮ್ಲಜನಕ ಕೊಡುವ ಪಾಚಿಯೂ ಇಲ್ಲ. ಇಷ್ಟೆಲ್ಲ ಆಗಿ ಹದಿನೈದು ದಿನಕ್ಕೆ ಹಸಿರು ಕೂದಲು ಮತ್ತೆ ಬಂತು. ಬಾರದೆ ಇರುತ್ತದೆಯೇ? ಸತ್ತ ಪಾಚಿ ಕೊಳೆತು ಬಿಟ್ಟ ಗೊಬ್ಬರ ನೀರಿನಲ್ಲೇ ಇತ್ತಲ್ಲ.

ಹೊಸ ಟ್ಯಾಂಕಿಗೆ ಪಾಚಿ ಬರುವುದು ರೋಗ ಅಲ್ಲ. ಖಾಲಿ ಕಲ್ಲು, ಖಾಲಿ ಮರಳು, ಬೆಳಕು, ಮೀನಿನ ಹೇಲು, ಇಷ್ಟು ಸಿಕ್ಕ ಕಡೆ ಯಾರಾದರೂ ಬಂದು ಕೂರಲೇಬೇಕು. ಆ ಹೇಲಿನಿಂದ ಬರುವ ಅಮೋನಿಯಾವನ್ನು ನೈಟ್ರೈಟ್ ಮಾಡಿ, ಅದನ್ನು ನೈಟ್ರೇಟ್ ಮಾಡುವ ಬ್ಯಾಕ್ಟೀರಿಯಾ ನೆಲೆಯೂರಲು ಸಾಮಾನ್ಯವಾಗಿ ನಾಲ್ಕರಿಂದ ಆರು ವಾರ ಬೇಕು. ಕಲ್ಲಿನ ಮೇಲ್ಮೈ ಪೂರ್ತಿ ಜೀವ ಹಿಡಿಯಲು ತಿಂಗಳುಗಳೇ ಬೇಕು. ಅಷ್ಟರ ತನಕ ಒಂದರ ಹಿಂದೆ ಒಂದು ಬರುತ್ತವೆ, ಹೋಗುತ್ತವೆ.

ಮೊದಲು ಬರುವ ಕಂದು ಬಣ್ಣದ್ದಕ್ಕೆ ಡಯಾಟಂ ಅನ್ನುತ್ತಾರೆ. ಬೆರಳಲ್ಲಿ ಒರೆಸಿದರೆ ಹೋಗುತ್ತದೆ, ಮರುದಿನ ಮತ್ತೆ ಇರುತ್ತದೆ. ಇದು ತನ್ನ ಮೈಸುತ್ತ ಸಿಲಿಕಾದ ಚಿಪ್ಪು ಕಟ್ಟಿಕೊಳ್ಳುವ ಜೀವಿ. ನೀರಿನಲ್ಲಿ ಕರಗಿದ ಸಿಲಿಕಾ ಮುಗಿದರೆ ತಾನಾಗಿಯೇ ಹೋಗುತ್ತದೆ. ಮುಗಿಯಬೇಕು, ಅಷ್ಟೆ. ಇಲ್ಲೇ ನಮ್ಮ ಕರಾವಳಿಯವರು ಎಡವುವುದು. ಮುರಕಲ್ಲಿನ ಬಾವಿ ನೀರು ಅಂದರೆ ನಮಗೆ ಹೆಮ್ಮೆ. ಕರಗಿದ ಲವಣ ತೋರಿಸುವ ಟಿಡಿಎಸ್ ಮೀಟರ್ ಅದ್ದಿ, ‘ನೋಡಿ, ಎಷ್ಟು ಕಡಿಮೆ’ ಅಂತ ತೋರಿಸುತ್ತಾರೆ. ಕಡಿಮೆ ಹೌದು. ಆದರೆ ಆ ಮೀಟರ್ ಅಳೆಯುವುದು ನೀರಿನಲ್ಲಿ ಕರೆಂಟ್ ಎಷ್ಟು ಹರಿಯುತ್ತದೆ ಅನ್ನುವುದನ್ನು. ಕರಗಿದ ಸಿಲಿಕಾ ಕರೆಂಟ್ ಹರಿಸುವುದಿಲ್ಲ, ಹಾಗಾಗಿ ಮೀಟರಿಗೆ ಅದು ಕಾಣುವುದೇ ಇಲ್ಲ. ಕುಡಿಯುವವರಿಗೆ ಇದರಿಂದ ಏನೂ ತೊಂದರೆ ಇಲ್ಲ. ಡಯಾಟಂಗೆ ಮಾತ್ರ ಹಬ್ಬ.

ಇನ್ನೊಂದು ವಿಷಯ. ಟ್ಯಾಂಕಿನಿಂದ ದಿನಾ ಆವಿಯಾಗುವುದು ನೀರು ಮಾತ್ರ, ಉಪ್ಪು ಒಳಗೇ ಉಳಿಯುತ್ತದೆ. ಅದಕ್ಕೆ ದಿನಾ ಸಿಹಿನೀರು ಸೇರಿಸಬೇಕು. ಆ ಸಿಹಿನೀರು ಬಾವಿಯದ್ದಾದರೆ ದಿನಾ ಒಂದು ಚೂರು ಸಿಲಿಕಾವನ್ನೂ ಸೇರಿಸಿದ ಹಾಗಾಯಿತು. ಕಂದು ಬಣ್ಣ ಹೋಗುವುದು ಯಾವಾಗ? ಬಯಲುಸೀಮೆಯ ಬೋರ್‌ವೆಲ್ ಆದರೆ ಅದರ ಜೊತೆ ನೈಟ್ರೇಟೂ ಬರಬಹುದು. ಅಡುಗೆಮನೆಯ ಆರ್‌ಓ ನೀರು ಸಾಕಲ್ವಾ ಅಂತ ತುಂಬಾ ಜನ ಕೇಳುತ್ತಾರೆ. ಸಾಲದು. ಕುಡಿಯುವ ಆರ್‌ಓ ಯಂತ್ರಗಳಲ್ಲಿ ಹೆಚ್ಚಿನವು ರುಚಿಗೆ ಅಂತ ಒಂದಷ್ಟು ಲವಣ ಉಳಿಸುತ್ತವೆ ಅಥವಾ ಮತ್ತೆ ಸೇರಿಸುತ್ತವೆ. ಸಿಲಿಕಾವೂ ಪೂರ್ತಿ ಹೋಗುವುದಿಲ್ಲ. ಆರ್‌ಓ ಆದ ಮೇಲೆ ಉಳಿದ ಲವಣ, ಸಿಲಿಕಾ ಹಿಡಿದುಕೊಳ್ಳುವ ಡಿಐ ರೆಸಿನ್ ತುಂಬಿದ ಡಬ್ಬಿಯೊಂದರ ಮೂಲಕ ನೀರು ಹಾಯಿಸಿ, ಮೀಟರಿನಲ್ಲಿ ಸೊನ್ನೆ ಬರಬೇಕು. ಪಾಚಿನಾಶಕದ ಬಾಟಲಿಗೆ ಕೊಡುವ ದುಡ್ಡನ್ನು ಈ ಡಬ್ಬಿಗೆ ಕೊಡಿ ಅಂತ ನಾನು ಎಲ್ಲರಿಗೂ ಹೇಳುತ್ತೇನೆ. ಕೇಳುವವರು ಕಡಿಮೆ, ಡಬ್ಬಿ ನೋಡಲು ಚೆಂದ ಇಲ್ಲ ನೋಡಿ.

‘ಕಡಲು ಇಲ್ಲೇ ಇದೆಯಲ್ಲ, ಕ್ಯಾನಲ್ಲಿ ತುಂಬಿಸಿ ತಂದರಾಯಿತು’ ಅನ್ನುವವರೂ ಇದ್ದಾರೆ. ತರಬಹುದು, ಆದರೆ ಕಾಲ ನೋಡಬೇಕು, ಜಾಗ ನೋಡಬೇಕು. ಮಳೆಗಾಲದಲ್ಲಿ ನೇತ್ರಾವತಿ, ಗುರುಪುರ ಎರಡೂ ಹೊಳೆಗಳು ಕೆಂಪಾಗಿ ಬಂದು ಅಳಿವೆ ಬಾಗಿಲಿನಲ್ಲಿ ಸೇರುತ್ತವೆ. ಆಗ ದಡದ ನೀರಿನಲ್ಲಿ ಉಪ್ಪು ಎಷ್ಟೋ ಕಡಿಮೆ, ಮಣ್ಣು, ತೋಟದ ಗೊಬ್ಬರ, ಊರಿನ ಚರಂಡಿ ಎಲ್ಲ ಜಾಸ್ತಿ. ಟ್ಯಾಂಕಿಗೆ ಬೇಕಾದ್ದು ಸಾವಿರಕ್ಕೆ 35 ಭಾಗ ಉಪ್ಪು, ಹೈಡ್ರೋಮೀಟರಿನಲ್ಲಿ 1.025ರ ಆಸುಪಾಸು. ಮಳೆಗಾಲದ ನೀರು ತಂದು ತುಂಬಿಸಿದವರ ಟ್ಯಾಂಕು ಒಂದೇ ವಾರದಲ್ಲಿ ಗದ್ದೆಯ ಬದುವಿನ ಹಾಗಾಗಿದ್ದನ್ನು ನೋಡಿದ್ದೇನೆ.

ಕಲ್ಲಿನ ವಿಷಯವನ್ನೂ ನಿಮ್ಮ ಲೇಖನ ಬಿಟ್ಟಿದೆ. ಹೊರದೇಶದ ವಿಡಿಯೊ ನೋಡಿದವರು ಲೈವ್ ರಾಕ್ ಬೇಕು ಅಂತ ಕೇಳುತ್ತಾರೆ. ಕಡಲಿನಿಂದ ಎತ್ತಿದ, ಜೀವ ತುಂಬಿದ ಹವಳದ ಕಲ್ಲು ಅದು. ನಮ್ಮಲ್ಲಿ ದಿಬ್ಬ ಕಟ್ಟುವ ಹವಳಗಳು 2001ರಿಂದ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಪಟ್ಟಿಯಲ್ಲಿವೆ. ಹುಲಿ ಇರುವ ಪಟ್ಟಿಯೇ ಅದು. ಎಲ್ಲಿಂದಲೋ ತಂದ ಅಸಲಿ ಕಲ್ಲು ಇದೆ ಅಂತ ಯಾರಾದರೂ ಕಿವಿಯಲ್ಲಿ ಹೇಳಿದರೆ ದಯವಿಟ್ಟು ತೆಗೆದುಕೊಳ್ಳಬೇಡಿ. ನಮಗೆ ಇರುವುದು ಒಣಕಲ್ಲು, ಸೆರಾಮಿಕ್ ಕಲ್ಲು, ಸಿಮೆಂಟಿನಲ್ಲಿ ಮಾಡಿದ ಕಲ್ಲು. ಇವುಗಳ ಮೇಲೆ ಜೀವ ಸೊನ್ನೆಯಿಂದ ಶುರುವಾಗಬೇಕು. ಆದ್ದರಿಂದ ಆ ವಿಡಿಯೊದವರಿಗಿಂತ ನಮ್ಮ ಟ್ಯಾಂಕಿನಲ್ಲಿ ಪಾಚಿಯ ಕಾಲ ಉದ್ದ. ಒಣಕಲ್ಲು ಹಳೆಯದಾದರೆ ತನ್ನೊಳಗೆ ಹಿಡಿದಿಟ್ಟ ಫಾಸ್ಫೇಟನ್ನೂ ನಿಧಾನಕ್ಕೆ ಬಿಡುತ್ತದೆ. ಟ್ಯಾಂಕಿಗೆ ಹಾಕುವ ಮೊದಲು ಡ್ರಮ್ಮಿನಲ್ಲಿ ಉಪ್ಪುನೀರು ತುಂಬಿ, ಕತ್ತಲಲ್ಲಿ ಕೆಲವು ವಾರ ನೆನೆಸಿ, ನೀರು ಬದಲಿಸುತ್ತಿದ್ದರೆ ಅರ್ಧ ತಲೆನೋವು ಕಡಿಮೆ.

ಹಸಿರು ಕೂದಲಿಗೆ ಕೈಯೇ ಮದ್ದು. ಕಿತ್ತು ಕಿತ್ತು ಹೊರಗೆ ಹಾಕಬೇಕು. ಹಾಗೆ ಹೊರಗೆ ಹೋದ ಪಾಚಿಯ ಜೊತೆ ಅದು ತಿಂದ ನೈಟ್ರೇಟು, ಫಾಸ್ಫೇಟೂ ಹೋಗುತ್ತದೆ. ಬಾಟಲಿ ಈ ಕೆಲಸ ಮಾಡುವುದಿಲ್ಲ. ಕ್ಲಿನಿಕ್ಕಿನಲ್ಲಿ ಡಾಕ್ಟರೇ ಹೊಸ ಬ್ರಶ್ಶು ಕೊಟ್ಟರು, ಹಲ್ಲಿನ ಡಾಕ್ಟರಲ್ಲಿ ಬ್ರಶ್ಶಿಗೇನು ಬರ? ಕಿಟಕಿಗೆ ದಪ್ಪ ಪರದೆ ಹಾಕಿಸಿದೆ. ಲೈಟು ದಿನಕ್ಕೆ ಎಂಟು ಗಂಟೆ ಸಾಕು ಅಂತ ಟೈಮರ್ ಇಟ್ಟೆ. ಕಾಳಿನ ಡಬ್ಬಿಯನ್ನು ಡ್ರಾಯರಿನಲ್ಲಿ ಬೀಗ ಹಾಕಿ ಇಡಲು ಹೇಳಿದೆ, ದಿನಕ್ಕೆ ಒಂದು ಸಲ, ಎರಡು ನಿಮಿಷದಲ್ಲಿ ತಿಂದು ಮುಗಿಸುವಷ್ಟು. ಫ್ರೀಜ್ ಮಾಡಿದ ಸಿಗಡಿ ಹಾಕುವುದಾದರೆ ಆ ಕರಗಿದ ನೀರನ್ನು ಸೋಸಿ ಚೆಲ್ಲಬೇಕು. ಮಕ್ಕಳು ಈಗಲೂ ಅಳುತ್ತಾರೆ, ಅದಕ್ಕೆ ನನ್ನ ಹತ್ತಿರ ಮದ್ದಿಲ್ಲ.

ಈಗ ಕೆಂಪು ಪದರದ ಮಾತು. ಈ ಪತ್ರ ಬರೆಯಲು ಮುಖ್ಯ ಕಾರಣವೇ ಇದು. ಮರಳಿನ ಮೇಲೆ ಕೆಂಪು ನೇರಳೆ ಬಣ್ಣದ ಲೋಳೆ ಹರಡುತ್ತದೆ, ಹಿಡಿದೆಳೆದರೆ ಚರ್ಮದ ಹಾಗೆ ಏಳುತ್ತದೆ. ಎಲ್ಲರೂ ಪಾಚಿ ಅನ್ನುತ್ತಾರೆ, ಅಸಲಿಗೆ ಇದು ಬ್ಯಾಕ್ಟೀರಿಯಾ. ಸಯನೋಬ್ಯಾಕ್ಟೀರಿಯಾ. ಸುಮಾರು 240 ಕೋಟಿ ವರ್ಷಗಳ ಹಿಂದೆ ಭೂಮಿಯ ಗಾಳಿಗೆ ಆಮ್ಲಜನಕ ತುಂಬಲು ಶುರು ಮಾಡಿದ್ದು ಇದೇ ಕುಲ. ಅಷ್ಟು ಹಳೆಯ ಗಿರಾಕಿ, ಸುಲಭಕ್ಕೆ ಜಾಗ ಬಿಡುವುದಿಲ್ಲ. ಬ್ಯಾಕ್ಟೀರಿಯಾ ಆದ್ದರಿಂದ ಆಂಟಿಬಯಾಟಿಕ್‌ಗೆ ಸಾಯುತ್ತದೆ. ಅದಕ್ಕೇ ಎರಿತ್ರೋಮೈಸಿನ್ ಪುಡಿ ಹಾಕುವ ಅಭ್ಯಾಸ ಬೆಳೆದಿದೆ. ಮನುಷ್ಯರಿಗೆ ಗಂಟಲು ನೋವಿಗೆ, ಎದೆಯ ಸೋಂಕಿಗೆ ಡಾಕ್ಟರು ಬರೆಯುವ ಎರಿತ್ರೋಮೈಸಿನ್ನೇ ಇದು. ಮೆಡಿಕಲ್ ಶಾಪಿನಿಂದ ಮಾತ್ರೆ ತಂದು ಪುಡಿ ಮಾಡಿ ಹಾಕಿದ ಮನೆಗಳಿಗೆ ನಾನೇ ಹೋಗಿದ್ದೇನೆ. ಚೀಟಿ ಯಾರು ಕೊಟ್ಟರೋ ದೇವರಿಗೇ ಗೊತ್ತು.

ಇದರಿಂದ ಮೊದಲನೆಯ ನಷ್ಟ ಟ್ಯಾಂಕಿಗೆ. ಕಷ್ಟಪಟ್ಟು ಬೆಳೆಸಿದ ಒಳ್ಳೆಯ ಬ್ಯಾಕ್ಟೀರಿಯಾಕ್ಕೂ ಪೆಟ್ಟು ಬೀಳಬಹುದು. ಎರಡನೆಯದು ಅದಕ್ಕಿಂತ ದೊಡ್ಡದು. ಆ ಔಷಧಿಯ ನೀರನ್ನು ಆಮೇಲೆ ಬದಲಿಸುತ್ತಾರಲ್ಲ, ಅದು ಬಾತ್‌ರೂಮಿನ ಮೋರಿಗೆ, ಮೋರಿಯಿಂದ ಹೊಳೆಗೆ ಹೋಗುತ್ತದೆ. ಆಂಟಿಬಯಾಟಿಕ್‌ಗೆ ಬಗ್ಗದ ರೋಗಾಣುಗಳ ಬಗ್ಗೆ ನಿಮ್ಮ ಪತ್ರಿಕೆಯ ಆರೋಗ್ಯ ಪುಟದಲ್ಲೇ ಎಷ್ಟೋ ಸಲ ಓದಿದ್ದೇನೆ. ಮೀನಿನ ತೊಟ್ಟಿ ಚೆಂದ ಕಾಣಲಿ ಅಂತ ಆ ಬೆಂಕಿಗೆ ನಾವೂ ಒಂದು ಚಮಚ ಎಣ್ಣೆ ಹಾಕಬೇಕೇ? ಕೆಂಪು ಪದರಕ್ಕೆ ಪೈಪು ಹಾಕಿ ಹೀರಿ ತೆಗೆಯಿರಿ. ನೀರು ಓಡದೆ ನಿಂತ ಮೂಲೆಗೆ ಅಲೆ ಎಬ್ಬಿಸುವ ವೇವ್‌ಮೇಕರ್ ತಿರುಗಿಸಿ. ನೀರಿನ ಕೊಳೆಯನ್ನು ನೊರೆ ಮಾಡಿ ತೆಗೆಯುವ ಸ್ಕಿಮ್ಮರಿನ ಬಟ್ಟಲು ತೊಳೆಯಿರಿ. ಮತ್ತೆ ಬಂದರೆ ಮತ್ತೆ ಹೀರಿ. ಬೇಜಾರಿನ ಕೆಲಸ ಹೌದು.

ಇದಕ್ಕೆ ಪೂರ್ತಿ ಉಲ್ಟಾ ಇನ್ನೊಂದಿದೆ. ಕೆಲವರು ಟೆಸ್ಟ್ ಕಿಟ್ ತಂದು ನೈಟ್ರೇಟು, ಫಾಸ್ಫೇಟು ಎರಡನ್ನೂ ಸೊನ್ನೆಗೆ ಇಳಿಸಿ ಬೀಗುತ್ತಾರೆ. ಆಗ ಬರುವುದು ಡೈನೋಫ್ಲಾಜೆಲೇಟ್ ಅನ್ನುವ ಸೂಕ್ಷ್ಮಜೀವಿ. ಕಂದು ಸಿಂಬಳದ ಹಾಗಿನ ಎಳೆ, ತುದಿಯಲ್ಲಿ ಗಾಳಿಗುಳ್ಳೆ. ಡಯಾಟಂ ಅಂತ ತಪ್ಪು ತಿಳಿಯುವವರೇ ಹೆಚ್ಚು. ಸ್ವಲ್ಪ ತೆಗೆದು ಬಾಟಲಿಗೆ ಹಾಕಿ, ಜೋರಾಗಿ ಅಲ್ಲಾಡಿಸಿ, ಟಿಶ್ಯೂ ಕಾಗದದಲ್ಲಿ ಸೋಸಿ, ಆ ನೀರನ್ನು ಬೆಳಕಿನಲ್ಲಿಡಿ. ಒಂದು ಗಂಟೆಯಲ್ಲಿ ಮತ್ತೆ ಎಳೆ ಎಳೆಯಾಗಿ ಒಟ್ಟುಗೂಡಿದರೆ ಡೈನೋ ಅಂತಲೇ ಲೆಕ್ಕ. ಇದರಲ್ಲಿ ಕೆಲವು ಜಾತಿ ವಿಷದವು, ತಿಂದ ಶಂಖದ ಹುಳುಗಳು ಸಾಯುತ್ತವೆ. ಇದಕ್ಕೆ ನೀರು ಬದಲಿಸಿದಷ್ಟೂ ಕಷ್ಟ. ಟ್ಯಾಂಕಿಗೆ ಮೂರು ದಿನ ಕತ್ತಲು ಮಾಡಿ, ಮೀನಿಗೆ ಕಾಳು ಸ್ವಲ್ಪ ಜಾಸ್ತಿಯೇ ಹಾಕಿ, ನೈಟ್ರೇಟನ್ನು 5ರಿಂದ 10 ಪಿಪಿಎಂಗೆ (ಹತ್ತು ಲಕ್ಷಕ್ಕೆ ಇಷ್ಟು ಭಾಗ), ಫಾಸ್ಫೇಟನ್ನು 0.05ರ ಸುತ್ತಮುತ್ತ ತರಬೇಕು. ಬೇರೆ ಪಾಚಿ, ಬ್ಯಾಕ್ಟೀರಿಯಾಗಳಿಗೂ ಅನ್ನ ಸಿಕ್ಕಿದರೆ ಅವೇ ಇದನ್ನು ಬದಿಗೆ ತಳ್ಳುತ್ತವೆ. ಅಂದಹಾಗೆ, ನಮ್ಮ ಕರಾವಳಿಯಲ್ಲಿ ಕೆಲವು ರಾತ್ರಿ ಅಲೆಗಳು ನೀಲಿಯಾಗಿ ಹೊಳೆಯುತ್ತವಲ್ಲ, ಜನ ಮೊಬೈಲ್ ಹಿಡಿದುಕೊಂಡು ಓಡುತ್ತಾರಲ್ಲ, ಆ ನಾಕ್ಟಿಲೂಕಾ ಕೂಡ ಇದೇ ಡೈನೋಗಳ ಬಳಗ. ಕಡಲಿನಲ್ಲಿ ನೋಡಲು ಚೆಂದ.

ಪಾಚಿ ತಿನ್ನುವ ಪ್ರಾಣಿಗಳ ಬಗ್ಗೆ ಬರೆದದ್ದು ಸರಿಯಿತ್ತು, ಆದರೆ ಅವಸರ ಮಾಡಿದ್ದೀರಿ. ಮೇಯುವವರು ಬೇಕೇ ಬೇಕು. ಕೆರಿಬಿಯನ್ ಕಡಲಿನಲ್ಲಿ 1983ರಲ್ಲಿ ಉದ್ದ ಮುಳ್ಳಿನ ಕಡಲಮುಳ್ಳುಚೆಂಡುಗಳು ರೋಗ ಬಂದು ಹೆಚ್ಚುಕಡಿಮೆ ಎಲ್ಲವೂ ಸತ್ತವು. ಜಮೈಕಾದಲ್ಲಿ ಪಾಚಿ ಮೇಯುವ ಮೀನುಗಳನ್ನು ಜನ ಮೊದಲೇ ಹಿಡಿದು ಮುಗಿಸಿದ್ದರು. ಮೇಯುವವರು ಯಾರೂ ಉಳಿಯಲಿಲ್ಲ. ಕೆಲವೇ ವರ್ಷಗಳಲ್ಲಿ ಅಲ್ಲಿನ ಹವಳದ ದಿಬ್ಬಗಳನ್ನು ಪಾಚಿ ಮುಚ್ಚಿಬಿಟ್ಟಿತು. ಅಷ್ಟು ದೊಡ್ಡ ಕಡಲಿಗೇ ಹಾಗಾದರೆ ನಮ್ಮ ನಾಲ್ಕಡಿಯದ್ದು ಯಾವ ಲೆಕ್ಕ. ಆದರೆ ಮೊದಲ ದಿನವೇ ಇಪ್ಪತ್ತು ಶಂಖದ ಹುಳು ತಂದು ಬಿಟ್ಟರೆ ಅವು ಉಪವಾಸ ಸಾಯುತ್ತವೆ, ಸತ್ತು ಕೊಳೆತು ಪಾಚಿಗೇ ಗೊಬ್ಬರವಾಗುತ್ತವೆ. ಪಾಚಿ ಕಂಡ ಮೇಲೆ ನಾಲ್ಕೈದು ತನ್ನಿ, ನೋಡಿಕೊಂಡು ಮುಂದೆ. ಸರ್ಜನ್ ಮೀನು ಚೆನ್ನಾಗಿ ಮೇಯುತ್ತದೆ, ಆದರೆ ಅದು ಈಜಾಡಲು ನಾಲ್ಕಡಿ ಸಾಲದು. ಹಾಗೆಯೇ ಸೋಮೇಶ್ವರ ಕಡಲತೀರದ ಬಂಡೆಯಿಂದ ಹೆಕ್ಕಿ ತರುವ ಚಿಕ್ಕ ಶಂಖಗಳು ಬೇಡ. ಅವು ಅಲೆ ಬಡಿಯುವ ಜಾಗದವು, ನೀರಿನಿಂದ ಮೇಲೆ ಹತ್ತುವ ಅಭ್ಯಾಸದವು. ರಾತ್ರಿ ಟ್ಯಾಂಕ್ ಹತ್ತಿ ಇಳಿದು ಸೋಫಾದ ಅಡಿಯಲ್ಲಿ ಒಣಗುತ್ತವೆ. ಹೆಕ್ಕಲು ಹೋಗಿ ಅಲ್ಲಿನ ಹಾವಸೆಯಲ್ಲಿ ಜಾರಿ ಬೀಳುವುದು ಬೇರೆ.

ಇಷ್ಟೆಲ್ಲ ಆದ ಮೇಲೆ ಒಂದು ದಿನ ಹಿಂದಿನ ಗಾಜಿನ ಮೇಲೆ, ಪಂಪಿನ ಮೇಲೆ ಚಿಕ್ಕ ಚಿಕ್ಕ ಗುಲಾಬಿ ಚುಕ್ಕೆ ಕಾಣುತ್ತದೆ. ಉಜ್ಜಿದರೆ ಹೋಗುವುದಿಲ್ಲ. ಅದೂ ಪಾಚಿಯೇ, ಕೋರಲೈನ್ ಅಂತ. ಸುಣ್ಣ ಕಟ್ಟಿಕೊಂಡು ಕಲ್ಲಿನ ಮೇಲೆ ಹಬ್ಬುತ್ತದೆ, ಅದು ಕೂತ ಜಾಗದಲ್ಲಿ ಹಸಿರು ಕೂದಲು ಸುಲಭಕ್ಕೆ ಬರುವುದಿಲ್ಲ. ಇದನ್ನೂ ಕೊಳೆ ಅಂತ ಬ್ಲೇಡು ಹಿಡಿದು ಕೆರೆದು ತೆಗೆದವರಿದ್ದಾರೆ ಮಾರಾಯ್ರೆ! ಮುಂದಿನ ಗಾಜು ಬಿಟ್ಟು ಉಳಿದ ಕಡೆ ಅದನ್ನು ಮುಟ್ಟಬೇಡಿ.

ಕೊನೆಗೆ, ಕಿತ್ತ ಪಾಚಿಯನ್ನು ಎಲ್ಲಿ ಹಾಕುವುದು ಅನ್ನುವುದು. 1984ರಲ್ಲಿ ಮೊನಾಕೊದ ಸಮುದ್ರ ಮ್ಯೂಸಿಯಮ್ಮಿನ ಕೆಳಗಿನ ಕಡಲಿನಲ್ಲಿ ಕಾಲರ್ಪಾ ಟ್ಯಾಕ್ಸಿಫೋಲಿಯಾ ಅನ್ನುವ ಅಕ್ವೇರಿಯಂ ಪಾಚಿ ಒಂದು ಚಿಕ್ಕ ತೇಪೆಯಷ್ಟು ಕಂಡಿತ್ತು. ಆಮೇಲೆ ಅದು ಮೆಡಿಟರೇನಿಯನ್ ಕಡಲಿನಲ್ಲಿ ಸಾವಿರಾರು ಹೆಕ್ಟೇರಿಗೆ ಹಬ್ಬಿತು. 2000ದಲ್ಲಿ ಕ್ಯಾಲಿಫೋರ್ನಿಯಾದ ಒಂದು ಹಿನ್ನೀರಿನಲ್ಲಿ ಕಂಡಾಗ ಅಲ್ಲಿಯವರು ಟಾರ್ಪಾಲು ಹೊದಿಸಿ, ಒಳಗೆ ಕ್ಲೋರಿನ್ ಬಿಟ್ಟು ಕೊಂದರು. ಪೂರ್ತಿ ಹೋಯಿತು ಅಂತ ಹೇಳಲು 2006 ಆಯಿತು. ಸಂಪಿನಲ್ಲಿ, ಅಂದರೆ ಟ್ಯಾಂಕಿನ ಕೆಳಗಿನ ಫಿಲ್ಟರ್ ತೊಟ್ಟಿಯಲ್ಲಿ ಬೆಳೆಸಲು ಅಂತ ನಮ್ಮಲ್ಲೂ ತರತರದ ಪಾಚಿ ಕೈಯಿಂದ ಕೈಗೆ ಹೋಗುತ್ತಿದೆ. ಒಂದು ತುಂಡು ಸಾಕು ಗಿಡವಾಗಲು. ಕಿತ್ತದ್ದನ್ನು ತಾರಸಿಯ ಬಿಸಿಲಿಗೆ ಗರಿಗರಿ ಒಣಗಿಸಿ, ಕಟ್ಟಿ ಕಸಕ್ಕೆ ಕೊಡಿ. ಬದಲಿಸಿದ ಉಪ್ಪುನೀರನ್ನು ಹೂವಿನ ಗಿಡಕ್ಕೆ ಹಾಕಬೇಡಿ. ತೆಂಗು ಒಂದಿಷ್ಟು ತಡೆಯುತ್ತದೆ, ನಮ್ಮ ಹಿರಿಯರು ತೆಂಗಿನ ಬುಡಕ್ಕೆ ಉಪ್ಪು ಹಾಕುತ್ತಿದ್ದರಲ್ಲ, ಆದರೆ ವಾರ ವಾರ ಬೇಡ.

ಟ್ಯಾಂಕೇ ಬೇಡ ಅನ್ನಿಸಿದವರು ಮೀನನ್ನು ಹೊಳೆಗೋ ಕಡಲಿಗೋ ಬಿಟ್ಟು ಪುಣ್ಯ ಕಟ್ಟಿಕೊಳ್ಳಲು ಹೋಗಬೇಡಿ. ಅಂಗಡಿಗೆ ವಾಪಸ್ ಕೊಡಿ. ಹೆಚ್ಚಿನವರು ತೆಗೆದುಕೊಳ್ಳುತ್ತಾರೆ, ದುಡ್ಡು ಮಾತ್ರ ಕೇಳಬೇಡಿ.

ಇಂತಿ,
ಅಕ್ವೇರಿಯಂ ಸರ್ವಿಸ್ ಮಾಡುವ ಓದುಗ, ಮಂಗಳೂರು